ವ್ಯಾಯಾಮದ ಸಾಮಾನಿಗೂ ಬೇಕು ಆರೈಕೆ

ಆಳಂದದಂಥ ತಾಲ್ಲೂಕು ಊರಿನಲ್ಲೂ ಈಗ ಮನೆಯ ಮೂಲೆಯಲ್ಲಿ ಒಂದು ಜೊತೆ ಡಂಬೆಲ್ ಕಾಣುವುದು ಅಪರೂಪವಲ್ಲ. ಪೊಲೀಸ್ ಭರ್ತಿಗೆ ತಯಾರಿ ನಡೆಸುವ ಹುಡುಗರಿದ್ದರೆ ಬಾರ್‌ಬೆಲ್, ಬೆಂಚು. ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಸೈಕಲ್ಲೋ ಟ್ರೆಡ್‌ಮಿಲ್ಲೋ ಬಂದಿರುತ್ತದೆ. ತಂದ ಹೊಸದರಲ್ಲಿ ಅವುಗಳಿಗೆ ಕುಂಕುಮ, ಊದುಬತ್ತಿ. ಕೆಲವು ತಿಂಗಳಲ್ಲೇ ಕಬ್ಬಿಣಕ್ಕೆ ಜಂಗು, ರೆಕ್ಸಿನ್‌ಗೆ ಬಿರುಕು, ಸೈಕಲ್ಲಿನ ಮೇಲೆ ಒಣಹಾಕಿದ ಟವೆಲು! ದುಡ್ಡು ಕೊಟ್ಟು ತಂದ ಸಾಮಾನು ಕೆಡುವುದು ಒಂದು ನಷ್ಟ. ಕೆಟ್ಟ ಸಾಮಾನಿನಿಂದ ಮಕ್ಕಳಿಗೆ ಪೆಟ್ಟಾಗುವುದು ಅದಕ್ಕಿಂತ ದೊಡ್ಡ ನಷ್ಟ. ಎರಡನ್ನೂ ತಪ್ಪಿಸಲು ವಾರಕ್ಕೆ ಹತ್ತು ನಿಮಿಷ ಮತ್ತು ಶಾಲೆಯಲ್ಲಿ ಕಲಿತ ವಿಜ್ಞಾನ ಸಾಕು.

ಜಂಗು ಹಿಡಿಯುವುದೇಕೆ?

10ನೇ ತರಗತಿಯ 'ಲೋಹಗಳು ಮತ್ತು ಅಲೋಹಗಳು' ಪಾಠದ ಮೂರು ಪ್ರನಾಳಗಳ ಪ್ರಯೋಗವನ್ನು ನೆನಪಿಸಿಕೊಳ್ಳಿ. ಒಂದರಲ್ಲಿ ಮೊಳೆ, ನೀರು, ಗಾಳಿ. ಇನ್ನೊಂದರಲ್ಲಿ ಕುದಿಸಿದ ನೀರು, ಮೇಲೆ ಎಣ್ಣೆಯ ಪದರ. ಮೂರನೆಯದರಲ್ಲಿ ಒಣ ಗಾಳಿ ಮಾತ್ರ. ಜಂಗು ಹಿಡಿಯುವುದು ಮೊದಲನೆಯದರಲ್ಲಿ ಮಾತ್ರ. ಅಂದರೆ ಕಬ್ಬಿಣ ಕೆಡಲು ನೀರೂ ಬೇಕು, ಆಮ್ಲಜನಕವೂ ಬೇಕು. 'ನಮ್ಮದು ಒಣ ಸೀಮೆ, ಇಲ್ಲೇನು ಜಂಗು?' ಎಂದು ಕೇಳಬಹುದು. ನೀರನ್ನು ನಾವೇ ಒದಗಿಸುತ್ತೇವೆ, ಅದೇ ಬೆವರು. ಬೆವರಿನಲ್ಲಿರುವ ಉಪ್ಪಿನಿಂದ ನೀರು ವಿದ್ಯುದ್ವಾಹಕವಾಗಿ, ಕಬ್ಬಿಣದಿಂದ ಎಲೆಕ್ಟ್ರಾನುಗಳು ಕಳಚುವ ಕೆಲಸ ಚುರುಕಾಗುತ್ತದೆ. ಆದ್ದರಿಂದ ವ್ಯಾಯಾಮ ಮುಗಿದ ಕೂಡಲೇ ಹಿಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಉಪ್ಪು ತೆಗೆಯಬೇಕು, ನಂತರ ಒಣ ಬಟ್ಟೆಯಿಂದ ಒರೆಸಬೇಕು. ಎರಡನೆಯ ಒರೆಸುವಿಕೆಯನ್ನೇ ಬಹಳ ಮಂದಿ ಮರೆಯುವುದು.

ಒರೆಸುವ ನೀರಿಗೂ ಒಂದು ಮಾತು. ನಮ್ಮ ಕಡೆಯ ಬೋರಿನ ನೀರು ಬಹುಪಾಲು ಗಡಸು. ಅದರಲ್ಲಿ ಸಾಬೂನು ನೊರೆಯಾಗುವ ಬದಲು ಕ್ಯಾಲ್ಸಿಯಂ ಜೊತೆ ಸೇರಿ ಅಂಟು ಗಸಿಯಾಗುತ್ತದೆ. ಪಾತ್ರೆ ತೊಳೆಯುವ ದ್ರವ ಮಾರ್ಜಕದ ಎರಡು ಹನಿ ಒಂದು ಲೋಟ ನೀರಿಗೆ ಸಾಕು. ಬ್ಲೀಚಿಂಗ್ ಪೌಡರ್ ಮಾತ್ರ ಬೇಡ. ಅದು ಕಬ್ಬಿಣವನ್ನೂ ತಿನ್ನುತ್ತದೆ, ರಬ್ಬರನ್ನೂ ಕೆಡಿಸುತ್ತದೆ.

ಯಾವುದಕ್ಕೆ ಯಾವ ಎಣ್ಣೆ?

ಇಲ್ಲಿ ನಮ್ಮ ತಾಲೀಮು ಮನೆಗಳ ಹಿರಿಯರಿಂದ ಕಲಿಯುವುದಿದೆ. ಮಲ್ಲಕಂಬಕ್ಕೆ ಅವರು ಹಚ್ಚುತ್ತಿದ್ದುದು, ಇಂದಿಗೂ ಹಚ್ಚುವುದು ಔಡಲೆಣ್ಣೆ. ಕಾರಣ, ಅದು ಗಾಳಿಗೆ ಒಣಗುವುದಿಲ್ಲ. ಕಂಬದ ಮೇಲೆ ಜಾರುತ್ತಲೇ ಇರುತ್ತದೆ. ಅಗಸಿ ಎಣ್ಣೆಯ ಗುಣ ಇದಕ್ಕೆ ತದ್ವಿರುದ್ಧ. ಅದರ ಅಣುಗಳಲ್ಲಿ ದ್ವಿಬಂಧಗಳು ಹೆಚ್ಚು. ಆಮ್ಲಜನಕ ತಗುಲಿದಂತೆ ಅವು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗುತ್ತವೆ. ಮರದ ಕರೇಲ ಬಿಸಿಲಿಗೆ ಸೀಳದಂತಿರಲು ಅಗಸಿ ಎಣ್ಣೆಯ ತೆಳು ಲೇಪ ಒಳ್ಳೆಯದು. ಆದರೆ ಎಚ್ಚರಿಕೆ: ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಒಣಗುವಾಗ ಹುಟ್ಟುವ ಶಾಖ ಒಳಗೇ ಕೂಡಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ಬಯಲಲ್ಲಿ ಹರವಿ ಒಣಗಿಸಬೇಕು.

ಇದೇ ಕಾರಣಕ್ಕೆ ಅಡುಗೆಮನೆಯ ಕುಸುಬಿ ಎಣ್ಣೆ, ಶೇಂಗಾ ಎಣ್ಣೆ ಯಂತ್ರಕ್ಕೆ ಸಲ್ಲವು. ದಿನ ಕಳೆದಂತೆ ಅವು ಅಂಟಾಗುತ್ತವೆ. ಎರೆ ಭೂಮಿಯ ದೂಳು, ತೊಗರಿ ರಾಶಿಯ ಹೊಟ್ಟು ಆ ಅಂಟಿಗೆ ಮೆತ್ತಿದರೆ ಬೇರಿಂಗ್ ಸವೆಯುತ್ತದೆ. ಕಬ್ಬಿಣಕ್ಕೆ, ಸರಪಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಸಾಕು. ಹಿಡಿಗೆ ಹಚ್ಚಿದರೆ ಕೈ ಜಾರದಂತೆ ಒರೆಸಿ ತೆಗೆಯಿರಿ. ಟ್ರೆಡ್‌ಮಿಲ್ಲಿನ ಪಟ್ಟಿಯ ಅಡಿಗೆ ಸಾಮಾನ್ಯವಾಗಿ ಹಾಕುವುದು ಸಿಲಿಕೋನ್ ಎಣ್ಣೆ. ಎಷ್ಟು, ಎಂದಿಗೆ ಎಂಬುದನ್ನು ಯಂತ್ರದ ಜೊತೆ ಬಂದ ಪುಸ್ತಿಕೆ ನೋಡಿಯೇ ನಿರ್ಧರಿಸಿ. ಎಣ್ಣೆಯೇ ಬೇಡವೆನ್ನುವ ಪಟ್ಟಿಗಳೂ ಇವೆ.

ರಬ್ಬರಿಗೆ ಬಿಸಿಲೇ ವೈರಿ

ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮಾಳಿಗೆಯ ಮೇಲೆ ಬಿಟ್ಟ ರಬ್ಬರ್ ಪಟ್ಟಿ ಮೇಲೆ ಚೆನ್ನಾಗಿಯೇ ಕಂಡರೂ ಒಳಗೆ ಗಡುಸಾಗಿರುತ್ತದೆ. ಎಳೆಯುವ ಮುನ್ನ ಅದನ್ನು ಬೆರಳ ಮೇಲೆ ಮಡಚಿ ನೋಡಿ. ಸಣ್ಣ ಸಣ್ಣ ಸೀಳು ಕಂಡರೆ ಗಂಟು ಹಾಕಿ ಬಳಸಬೇಡಿ, ಎಸೆದುಬಿಡಿ. ತುಂಡಾದ ಪಟ್ಟಿ ಹಾರುವುದು ಕಣ್ಣಿನ ಕಡೆಗೇ. ಮ್ಯಾಟನ್ನು ನೆರಳಿನಲ್ಲಿ ಒಣಗಿಸಿ. ಒದ್ದೆಯಿದ್ದಾಗಲೇ ಸುತ್ತಿಟ್ಟರೆ ಅಲ್ಲಿ ಬೂಷ್ಟು ಬೆಳೆಯುತ್ತದೆ. ಗಜಕರ್ಣ ಇದ್ದವರ ಟವೆಲು, ಮ್ಯಾಟು ಬೇರೆಯೇ ಇರಲಿ.

ಮನೆಯಲ್ಲಿ ಮಕ್ಕಳಿದ್ದರೆ

2021ರ ಮೇ ತಿಂಗಳಲ್ಲಿ ಅಮೆರಿಕದ ಪೆಲೊಟಾನ್ ಕಂಪನಿ ತನ್ನ 'ಟ್ರೆಡ್ ಪ್ಲಸ್' ಹೆಸರಿನ ಸುಮಾರು 1,25,000 ಟ್ರೆಡ್‌ಮಿಲ್‌ಗಳನ್ನು ವಾಪಸು ಪಡೆಯುವುದಾಗಿ ಪ್ರಕಟಿಸಿತು. ಯಂತ್ರದ ಹಿಂಬದಿಯಲ್ಲಿ ಸಿಕ್ಕಿಕೊಂಡು ಆರು ವರ್ಷದ ಮಗುವೊಂದು ಪ್ರಾಣ ಬಿಟ್ಟಿತ್ತು. ತಾಯಿತಂದೆಯರು ಇದನ್ನು ಮರೆಯಬಾರದು. ವ್ಯಾಯಾಮ ಮುಗಿದ ಮೇಲೆ ಸ್ವಿಚ್ ಆರಿಸಿದರಷ್ಟೇ ಸಾಲದು. ಪ್ಲಗ್ ಕೀಳಿ, ಸುರಕ್ಷಾ ಕೀಲಿಯನ್ನು ಮಕ್ಕಳ ಕೈಗೆ ಎಟುಕದಂತೆ ಇಡಿ. ಸ್ವಚ್ಛಮಾಡುವಾಗಲೂ ಪ್ಲಗ್ ಕಿತ್ತಿರಬೇಕು. ನೀರನ್ನು ಯಂತ್ರದ ಮೇಲೆ ಚಿಮುಕಿಸದೆ ಬಟ್ಟೆಗೆ ಹಾಕಿ ಒರೆಸಬೇಕು.

ವಾರದ ಹತ್ತು ನಿಮಿಷ

* ದೂಳನ್ನು ಒಣ ಬ್ರಷ್‌ನಿಂದ ತೆಗೆಯಿರಿ, ಆಮೇಲೆ ಒದ್ದೆ ಬಟ್ಟೆ, ಕೊನೆಗೆ ಒಣ ಬಟ್ಟೆ.
* ಬೋಲ್ಟು, ನಟ್ಟು, ಡಂಬೆಲ್ಲಿನ ಕಾಲರ್ ಬಿಗಿಯಾಗಿವೆಯೇ ನೋಡಿ.
* ತೆಳುವಾದ ಜಂಗನ್ನು ಮರಳು ಕಾಗದದಿಂದ ಉಜ್ಜಿ ಎಣ್ಣೆ ಹಚ್ಚಿ. ತಂತಿಹಗ್ಗದ ಒಂದು ಎಳೆ ಕಿತ್ತಿದ್ದರೂ ಹಗ್ಗವನ್ನೇ ಬದಲಿಸಿ.
* ಬೆಂಚಿನ ಬೆಸುಗೆಯಲ್ಲಿ ಬಿರುಕು ಕಂಡರೆ ಅಂದೇ ಬಳಕೆ ನಿಲ್ಲಿಸಿ.

ಈ ಕೆಲಸವನ್ನು ವ್ಯಾಯಾಮ ಮಾಡುವ ಮಕ್ಕಳಿಗೇ ಒಪ್ಪಿಸಿ. ತಾಲೀಮಿನಲ್ಲಿ ಕುಸ್ತಿಗೆ ಇಳಿಯುವ ಮುನ್ನ ಕಣದ ಮಣ್ಣು ಅಗೆದು ಹದಮಾಡುವುದು ಹುಡುಗರದೇ ಕೆಲಸ. ಅದೂ ವ್ಯಾಯಾಮದ ಲೆಕ್ಕಕ್ಕೇ ಸೇರುತ್ತದೆ.