ಅಂಗಡಿಗೆ ವೆಬ್‌ಸೈಟ್ ಮಾಡಿಸ್ತೀರಾ? ಬೀಗದ ಕೈ ನಿಮ್ಮ ಹತ್ರನೇ ಇರಲಿ

ಅಂಗಡಿ ಬಾಡಿಗೆಗೆ ಹಿಡಿವಾಗ ಕರಾರುಪತ್ರ ಯಾರ ಹೆಸರಲ್ಲಿದೆ ಅಂತ ನೋಡ್ತೀವಿ. ವೆಬ್‌ಸೈಟ್ ಮಾಡಿಸುವಾಗ ಮಾತ್ರ ಕೇಳಲ್ಲ. ಮಾಡಿಕೊಟ್ಟ ಹುಡುಗ ಬೆಂಗಳೂರು ಸೇರಿ ನಂಬರ್ ಬದಲಿಸಿದ್ರೆ ಸೈಟೂ ಅವನ ಜೊತೆ ಹೋದಂಗೆ.

ವೆಬ್‌ಸೈಟ್‌ಗೆ ಮೂರು ಭಾಗ. ಡೊಮೈನ್ ಅಂದ್ರೆ ಅಂಗಡಿ ಬೋರ್ಡು, ಅವಧಿ ಮುಗಿಯೋ ಮೊದಲು ನವೀಕರಿಸಬೇಕು. ಹೋಸ್ಟಿಂಗ್ ಅಂದ್ರೆ ಜಾಗ, ಅದಕ್ಕೆ ಬಾಡಿಗೆ. ಒಳಗೆ ಸಾಮಾನು ಜೋಡಿಸೋಕೆ ಸಿಎಂಎಸ್. ಅದರಲ್ಲಿ ಹೆಚ್ಚು ಬಳಕೆಯಲ್ಲಿರೋದು ವರ್ಡ್‌ಪ್ರೆಸ್. 2003ರಲ್ಲಿ ಶುರುವಾದ ಈ ತಂತ್ರಾಂಶ ಉಚಿತ. ಜಗತ್ತಿನ 100 ವೆಬ್‌ಸೈಟ್‌ಗಳಲ್ಲಿ 40ಕ್ಕೂ ಹೆಚ್ಚು ಇದರ ಮೇಲೇ ನಡೀತಿವೆ. ಕೋಡಿಂಗ್ ಬರಬೇಕಿಲ್ಲ. ದರ ಬದಲಿಸೋದು, ಫೋಟೋ ಹಾಕೋದು ಮೊಬೈಲ್‌ನಲ್ಲೇ ಆಗುತ್ತೆ.

ಹಣ ಕೊಡೋ ಮೊದಲು ಇಷ್ಟು ನೋಡ್ಕೊಳ್ಳಿ:

* ಡೊಮೈನ್, ಹೋಸ್ಟಿಂಗ್ ಎರಡೂ ನಿಮ್ಮ ಹೆಸರು, ನಿಮ್ಮ ಇಮೇಲ್‌ನಲ್ಲೇ ಇರಲಿ.
* 'ಅಡ್ಮಿನಿಸ್ಟ್ರೇಟರ್' ಲಾಗಿನ್ ನಿಮ್ಮ ಕೈಲಿರಲಿ. ಕೆಲಸದವರಿಗೆ 'ಎಡಿಟರ್' ಸಾಕು. ಬರಹ, ಫೋಟೋ ಬದಲಿಸಬಹುದು, ಪ್ಲಗಿನ್ ಮುಟ್ಟೋಕಾಗಲ್ಲ.
* ದುಡ್ಡಿನ ಥೀಮ್ ಪುಕ್ಕಟೆ ಹಾಕಿಕೊಡ್ತೀನಿ ಅಂದ್ರೆ ಬೇಡ ಅನ್ನಿ. ಅಂಥದ್ರಲ್ಲಿ ಎಷ್ಟೋ ಸಲ ಕಳ್ಳದಾರಿ ಇಟ್ಟಿರ್ತಾರೆ.
* ಮೊದಲು ಬ್ಯಾಕಪ್, ಆಮೇಲೆ ಅಪ್‌ಡೇಟ್. ಅಪ್‌ಡೇಟ್ ಮಾಡದ ಪ್ಲಗಿನ್‌ಗಳಿಂದಲೇ ಹ್ಯಾಕರ್‌ಗಳು ಹೆಚ್ಚಾಗಿ ನುಗ್ಗೋದು. ಬ್ಯಾಕಪ್‌ನ ಒಂದು ಪ್ರತಿ ಹೋಸ್ಟಿಂಗ್‌ನಿಂದ ಹೊರಗೂ ಇರಲಿ.

ಈಗಾಗಲೇ ಸೈಟ್ ಇದ್ದವರು ಇವತ್ತೇ ವಿಚಾರಿಸಿ: ಡೊಮೈನ್ ಅವಧಿ ಯಾವಾಗ ಮುಗಿಯುತ್ತೆ, ನವೀಕರಣದ ಸೂಚನೆ ಯಾರ ಇಮೇಲ್‌ಗೆ ಬರುತ್ತೆ? ಅವಧಿ ಮುಗಿದು ಕೈಬಿಟ್ಟರೆ ಅದೇ ಹೆಸರನ್ನ ಬೇರೆ ಯಾರು ಬೇಕಾದ್ರೂ ಕೊಳ್ಳಬಹುದು. ಬಿಲ್‌ಬುಕ್ ಮೇಲೆ ಅಚ್ಚಾದ ವಿಳಾಸ ಆಗ ನಿಮ್ಮದಲ್ಲ.