ಜೈಲಿನ ಬಾಗಿಲಲ್ಲೂ ನಿಲ್ಲದ ವಾಯಿದೆ

ಫಲ್ಗುಣಿ ದಂಡೆಯ ಕೂಳೂರಿನ ಒಬ್ಬರು ಮನೆ ಅಡಿಸ್ಥಳದ ಗಡಿಕಲ್ಲಿನ ತಕರಾರಿಗೆ ಮಂಗಳೂರಿನ ಕೋರ್ಟಿನಲ್ಲಿ ಸಿವಿಲ್ ದಾವೆ ಹೂಡಿದ್ದಾರೆ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಬೇರೊಂದು ಕ್ರಿಮಿನಲ್ ಕೇಸಿನಲ್ಲಿ ಬಂಧನವಾಗಿ ಕೊಡಿಯಾಲ್‌ಬೈಲಿನ ಜೈಲು ಸೇರುತ್ತಾರೆ. ಅಲ್ಲಿಂದ ಕೋರ್ಟಿಗೆ ನಡೆದೇ ಹೋಗಬಹುದು. ಆದರೂ ಅವರ ಸಿವಿಲ್ ಕಡತ ಅವರಿಗೆ ಎಟುಕುವುದಿಲ್ಲ. ಮನೆಯವರು ಜಾಮೀನಿಗಾಗಿ ಓಡಾಡುತ್ತಿರುತ್ತಾರೆ. ವಕೀಲರಿಗೆ ಪ್ರಮಾಣಪತ್ರಕ್ಕೆ ಸಹಿ ಬೇಕು, ಮುಂದೇನು ಮಾಡಬೇಕೆಂಬ ಸೂಚನೆ ಬೇಕು, ಫೀಸೂ ಬೇಕು. ಒಂದು ದಿನ ಕೇಸು ಕೂಗಿದಾಗ ವಾದಿಯ ಕಡೆಯಿಂದ ಯಾರೂ ಏಳುವುದಿಲ್ಲ, ಎದುರಾಳಿ ಹಾಜರಿದ್ದಾನೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ 8ನೇ ನಿಯಮದಂತೆ ದಾವೆ ವಜಾ. ಅದೇ ಕಾರಣಕ್ಕೆ ಹೊಸ ದಾವೆ ಹೂಡುವಂತಿಲ್ಲ. ಹಳೆಯದನ್ನು ಮತ್ತೆ ತೆರೆಸಲು ಸಿಗುವುದು 30 ದಿನ. ವಜಾ ಆದ ಸುದ್ದಿ ಒಳಗೆ ಮುಟ್ಟುವಷ್ಟರಲ್ಲಿ ಅದೂ ಕಳೆದಿರಬಹುದು.

ಆ ತಡವನ್ನು ಮನ್ನಿಸಿ ಎಂದು 1963ರ ಕಾಲಮಿತಿ ಕಾಯ್ದೆಯ 5ನೇ ಕಲಮಿನಡಿ ಬೇಡಬಹುದು. ಆದರೆ ಆ ಕಲಮು ಅಪೀಲಿಗೆ, ಅರ್ಜಿಗೆ ಮಾತ್ರ, ಹೊಸ ದಾವೆಗಲ್ಲ. ಗಡುವು ಮೀರಿ ತಂದ ದಾವೆಯನ್ನು ‘ಜೈಲಿನಲ್ಲಿದ್ದೆ’ ಎಂಬ ಒಂದೇ ಕಾರಣಕ್ಕೆ ಉಳಿಸಿಕೊಳ್ಳಲಾಗದು. 6ನೇ ಕಲಮು ಅಪ್ರಾಪ್ತರಿಗೂ ಬುದ್ಧಿ ಸ್ಥಿಮಿತದಲ್ಲಿಲ್ಲದವರಿಗೂ ಕಾಲವನ್ನು ತಡೆದು ನಿಲ್ಲಿಸುತ್ತದೆ, ಕೈದಿಯ ಹೆಸರೆತ್ತುವುದಿಲ್ಲ. ಇಂಗ್ಲೆಂಡಿನ 1623ರ ಕಾಯ್ದೆ ಸೆರೆಯಲ್ಲಿದ್ದವರಿಗೂ ಆ ರಿಯಾಯಿತಿ ಕೊಟ್ಟಿತ್ತು ಎಂಬುದು ನನ್ನನ್ನು ಕಾಡುತ್ತದೆ.

ಇದಕ್ಕಿಂತ ಕಠೋರವಾದ ಇನ್ನೊಂದಿದೆ. ದುರುದ್ದೇಶದಿಂದ ಸುಳ್ಳು ಕೇಸು ಹಾಕಿದವರ ಮೇಲೆ ಪರಿಹಾರ ಕೇಳಲು ಖುಲಾಸೆಯಾದ ದಿನದಿಂದ ಒಂದೇ ವರ್ಷ. ಒಂದು ಕೇಸಿನಲ್ಲಿ ಖುಲಾಸೆಯಾಗಿ ಇನ್ನೊಂದಕ್ಕಾಗಿ ಒಳಗೇ ಉಳಿದವರಿಗೆ ಆ ವರ್ಷ ಗೋಡೆಯ ಹಿಂದೆಯೇ ಮುಗಿದುಹೋಗುತ್ತದೆ.

ಇದು ಕಾನೂನಿಗೆ ಅರ್ಥವಾಗದ ಕಷ್ಟವೇನಲ್ಲ. ಕ್ರಿಮಿನಲ್ ಅಪೀಲಿನಲ್ಲಿ ಅರ್ಥವಾಗಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 383ನೇ ಕಲಮು, ಕೈದಿ ತನ್ನ ಅಪೀಲನ್ನು ಜೈಲಿನ ಅಧಿಕಾರಿಯ ಕೈಗೇ ಕೊಡಬಹುದು, ಅವರು ಅದನ್ನು ಕೋರ್ಟಿಗೆ ಕಳಿಸಬೇಕು ಎಂದಿತು. ಅಮೆರಿಕದ ಸುಪ್ರೀಂ ಕೋರ್ಟು 1988ರಲ್ಲಿ, ಹ್ಯೂಸ್ಟನ್ ವಿರುದ್ಧ ಲ್ಯಾಕ್ ಪ್ರಕರಣದಲ್ಲಿ ಹೀಗೇ ಯೋಚಿಸಿತು. 30 ದಿನದ ಗಡುವಿನ ಅಪೀಲು 31ನೇ ದಿನ ದಾಖಲಾಗಿತ್ತು. ಕೈದಿ ಅದನ್ನು ಗಡುವಿಗೆ ಮೂರು ದಿನ ಮುಂಚೆಯೇ ಜೈಲಿನವರಿಗೆ ಒಪ್ಪಿಸಿದ್ದ. ಒಪ್ಪಿಸಿದ ದಿನವೇ ಸಲ್ಲಿಸಿದ ದಿನ ಎಂದಿತು ಕೋರ್ಟು. ನಮ್ಮ ಸಿವಿಲ್ ದಾವೆಗೂ ಇಷ್ಟನ್ನು ಬರೆದಿಡಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಕರ್ನಾಟಕ ಗೃಹ ಮಂಡಳಿಯ 3,966 ದಿನಗಳ ವಿಳಂಬವನ್ನು ಮನ್ನಿಸಿದ್ದ ಹೈಕೋರ್ಟಿನ ಆದೇಶವನ್ನು ರದ್ದು ಮಾಡಿತು. ಸರಿಯಾದ ತೀರ್ಪು. ಕಚೇರಿ, ಗುಮಾಸ್ತರು, ವಕೀಲರು ಎಲ್ಲ ಇದ್ದವರ ಹನ್ನೊಂದು ವರ್ಷದ ಉದಾಸೀನವದು. ಅದೇ ಬಿಗಿಯನ್ನು ಕಾಗದಕ್ಕೂ ಜೈಲರನ್ನೇ ಕೇಳಬೇಕಾದವರ ಮೇಲೆ ಹೇರಬಾರದು.

ಸದ್ಯಕ್ಕೆ ಇರುವ ಆಸರೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ. ಅದರ 12ನೇ ಕಲಮಿನಂತೆ ಬಂಧನದಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ, ಜಾಮೀನಿಗೆ ಮಾತ್ರವಲ್ಲ, ಜಾಗದ ದಾವೆಗೂ. ಇ-ಕೋರ್ಟ್ಸ್ ಆ್ಯಪಿನಲ್ಲಿ ಕೇಸಿನ ಮುಂದಿನ ತಾರೀಕು ಮನೆಯಲ್ಲೇ ಕಾಣುತ್ತದೆ. ಕೊಡಿಯಾಲ್‌ಬೈಲಿಗೆ ಭೇಟಿಗೆ ಹೋಗುವ ಅಕ್ಕನೋ ತಮ್ಮನೋ, ಜಾಮೀನಿನ ಸುದ್ದಿಯ ಜೊತೆಗೆ ಆ ತಾರೀಕನ್ನೂ ಹೇಳಿ ಬರಲಿ.