ನೆಲದೊಳಗೆ ನೋಡುವ ರಾಡಾರ್: ಪ್ರಾತ್ಯಕ್ಷಿಕೆಗೂ ಬೇಕು ಪರವಾನಿಗೆ

ಮುಂಬಯಿ, ಪುಣೆಯಂತಹ ನಗರಗಳಲ್ಲಿ ನೆಲೆಸಿರುವ ನಮಗೆ ರಸ್ತೆ ಅಗೆತ ಹೊಸದೇನಲ್ಲ. ಇಂದು ನೀರಿನ ಪೈಪು, ನಾಳೆ ವಿದ್ಯುತ್ ಕೇಬಲ್, ನಾಡಿದ್ದು ಗ್ಯಾಸ್ ಲೈನ್. ಒಂದನ್ನು ಸರಿಪಡಿಸಲು ಹೋಗಿ ಇನ್ನೊಂದನ್ನು ಕತ್ತರಿಸುವುದೂ ಹೊಸದಲ್ಲ. ಇಂತಹ ಅಗೆತದಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂ. ನಷ್ಟವಾಗುತ್ತಿದೆ ಎಂದು ಕೇಂದ್ರ ಸರಕಾರವೇ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಆರಂಭಿಸಿದ ಸಂದರ್ಭದಲ್ಲಿ ತಿಳಿಸಿತ್ತು.

ಅಗೆಯುವ ಮೊದಲೇ ನೆಲದಡಿ ಏನಿದೆ ಎಂದು ತಿಳಿಸುವ ಉಪಕರಣವೇ ಗ್ರೌಂಡ್ ಪೆನೆಟ್ರೇಟಿಂಗ್ ರಾಡಾರ್, ಚಿಕ್ಕದಾಗಿ ಜಿಪಿಆರ್. ಮಗುವಿನ ತಳ್ಳುಗಾಡಿಯಂತೆ ನೆಲದ ಮೇಲೆ ತಳ್ಳಿಕೊಂಡು ಹೋಗುವ ಈ ಯಂತ್ರ ರೇಡಿಯೋ ತರಂಗಗಳನ್ನು ಮಣ್ಣಿನೊಳಗೆ ಕಳುಹಿಸುತ್ತದೆ. ಪೈಪು, ಕೇಬಲ್, ಬಂಡೆ ಅಥವಾ ಪೊಳ್ಳು ಜಾಗ ಅಡ್ಡ ಬಂದರೆ ತರಂಗದ ಒಂದು ಅಂಶ ಮರಳಿ ಬರುತ್ತದೆ. ಮರಳಲು ಹಿಡಿದ ಸಮಯದಿಂದ ಆಳವನ್ನು ಲೆಕ್ಕ ಹಾಕಲಾಗುತ್ತದೆ. ಕಂಪನಾಂಕ ಕಡಿಮೆಯಿದ್ದರೆ ತರಂಗ ಹೆಚ್ಚು ಆಳಕ್ಕೆ ಇಳಿಯುತ್ತದೆ, ಆದರೆ ಚಿತ್ರ ಮಸುಕು. ಕಂಪನಾಂಕ ಹೆಚ್ಚಿದ್ದರೆ ಚಿತ್ರ ಸ್ಪಷ್ಟ, ಆದರೆ ಆಳ ಕಡಿಮೆ.

ಇಷ್ಟು ಉಪಕಾರಿಯಾದ ಯಂತ್ರವನ್ನು ತಂದು, ನಾಲ್ಕು ಮಂದಿ ಇಂಜಿನಿಯರುಗಳ ಎದುರು ಅರ್ಧ ಗಂಟೆ ಓಡಿಸಿ ತೋರಿಸಲು ಸರಕಾರದ ಅನುಮತಿ ಯಾಕೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಆಕಾಶದಲ್ಲಿದೆ. ಸಾಮಾನ್ಯ ರೇಡಿಯೋ ಕೇಂದ್ರ ತನಗೆ ಕೊಟ್ಟ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ ಪ್ರಸಾರ ಮಾಡುತ್ತದೆ. ಜಿಪಿಆರ್ ಹಾಗಲ್ಲ. ಅದರ ಸಣ್ಣ ಮಿಡಿತ ಏಕಕಾಲಕ್ಕೆ ವಿಶಾಲವಾದ ಪಟ್ಟಿಯಲ್ಲಿ ಹರಡಿಕೊಳ್ಳುತ್ತದೆ. ಟಿವಿ, ಮೊಬೈಲ್, ವಿಮಾನಯಾನ, ಜಿಪಿಎಸ್ ಹೀಗೆ ಹಲವರಿಗೆ ಹಂಚಿದ ಜಾಗವನ್ನು ಅದು ಮುಟ್ಟಬಹುದು. ಅದರ ಶಕ್ತಿ ಮೊಬೈಲ್ ಫೋನಿಗಿಂತ ಎಷ್ಟೋ ಕಡಿಮೆ ಎಂಬುದು ನಿಜ. ಆದರೆ 20,000 ಕಿ.ಮೀ. ಎತ್ತರದ ಉಪಗ್ರಹದಿಂದ ಬರುವ ಜಿಪಿಎಸ್ ಸಂಕೇತ ಭೂಮಿ ತಲುಪುವಾಗ ಅದಕ್ಕಿಂತಲೂ ಕ್ಷೀಣವಾಗಿರುತ್ತದೆ. ಆ ಸಂಕೇತವನ್ನೇ ನಂಬಿ ವಿಮಾನ, ಹಡಗು, ಆ್ಯಂಬುಲೆನ್ಸ್‌ಗಳು ದಾರಿ ಹಿಡಿಯುತ್ತವೆ. ಆದ್ದರಿಂದಲೇ ಈ ಎಚ್ಚರಿಕೆ.

ಈ ವಿಷಯದಲ್ಲಿ ಅಮೆರಿಕದ ಅನುಭವ ಗಮನಾರ್ಹ. ಅಲ್ಲಿನ ನಿಯಂತ್ರಕ ಸಂಸ್ಥೆ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಅಂದರೆ ಎಫ್‌ಸಿಸಿ. ಅದರ ಹಳೆಯ ನಿಯಮಗಳಲ್ಲಿ ಇಂತಹ ವಿಶಾಲ ಪಟ್ಟಿಯ ಉಪಕರಣಗಳಿಗೆ ಜಾಗವೇ ಇರಲಿಲ್ಲ. 1998ರಲ್ಲಿ ಎಫ್‌ಸಿಸಿ ಈ ಕುರಿತು ವಿಚಾರಣೆ ಆರಂಭಿಸಿತು. ಅಂತಿಮ ನಿಯಮ ಬರುವ ತನಕ ಎಲ್ಲವನ್ನೂ ನಿಲ್ಲಿಸಿಡುವ ಬದಲು, 1999ರ ಜೂನ್‌ನಲ್ಲಿ ಮೂರು ಕಂಪೆನಿಗಳಿಗೆ ಷರತ್ತುಬದ್ಧ ವಿನಾಯಿತಿ ನೀಡಿತು. ಅವುಗಳಲ್ಲಿ ಜಿಪಿಆರ್ ತಯಾರಿಸುವ ಯು.ಎಸ್. ರಾಡಾರ್ ಕಂಪೆನಿಯೂ ಒಂದು. ಜಿಪಿಎಸ್ ಬಳಕೆದಾರರು, ವಿಮಾನಯಾನ ಹಾಗೂ ಮೊಬೈಲ್ ಕಂಪೆನಿಗಳ ಆಕ್ಷೇಪಗಳನ್ನೂ ಆಲಿಸಿ, 2002ರ ಫೆಬ್ರವರಿಯಲ್ಲಿ ಕಟ್ಟುನಿಟ್ಟಿನ ನಿಯಮ ಪ್ರಕಟಿಸಿತು. ನಿಯಮ ತೀರಾ ಬಿಗಿಯಾಯಿತೆಂಬ ದೂರು ಬಂದಾಗ ಅದೇ ಜುಲೈಯಲ್ಲಿ, ಈಗಾಗಲೇ ಬಳಕೆಯಲ್ಲಿದ್ದ ಉಪಕರಣಗಳನ್ನು ನೋಂದಾಯಿಸಿ ಮುಂದುವರಿಸಲು ಅವಕಾಶ ಕೊಟ್ಟಿತು. 2003ರ ಫೆಬ್ರವರಿಯಲ್ಲಿ ಜಿಪಿಆರ್‌ಗೆ ಸಂಬಂಧಿಸಿದ ನಿಯಮವನ್ನು ಇನ್ನಷ್ಟು ಸಡಿಲಿಸಿತು.

ನಿಯಮದಲ್ಲಿರುವ ಕೆಲವು ಅಂಶಗಳು ಸಾಮಾನ್ಯರಿಗೂ ಅರ್ಥವಾಗುವಂತಹವು. ಜಿಪಿಆರ್ ನೆಲಕ್ಕೆ ತಾಗಿ ಅಥವಾ ನೆಲದ ಸಮೀಪದಲ್ಲೇ ಕೆಲಸ ಮಾಡಬೇಕು. ನಡೆಸುವವನು ಸ್ವಿಚ್‌ನಿಂದ ಕೈ ತೆಗೆದರೆ 10 ಸೆಕೆಂಡಿನೊಳಗೆ ಪ್ರಸಾರ ನಿಲ್ಲಬೇಕು. ಎಲ್ಲಿ ಬಳಸುತ್ತೇವೆಂದು ಮೊದಲೇ ತಿಳಿಸಬೇಕು. ಆದರೆ ಪ್ರಾಣ, ಆಸ್ತಿಗೆ ಅಪಾಯವಿರುವ ತುರ್ತು ಸಂದರ್ಭದಲ್ಲಿ ಮೊದಲೇ ಸಮನ್ವಯಕ್ಕೆ ಕಾಯಬೇಕಾಗಿಲ್ಲ. ಮಾಹಿತಿ ನೀಡುವ ಕ್ರಮ ಪಾಲಿಸಿದರೆ ಸಾಕು.

ಈ ನಿಯಮಗಳಿಗೆ ಇನ್ನೂ ಹೊಂದದ ಹೊಸ ಉಪಕರಣವನ್ನು ತೋರಿಸಬೇಕೆಂದಿದ್ದರೆ ಅಲ್ಲಿ ‘ಸ್ಪೆಷಲ್ ಟೆಂಪರರಿ ಅಥಾರಿಟಿ’ ಎಂಬ ತಾತ್ಕಾಲಿಕ ಅನುಮತಿಗೆ ಅರ್ಜಿ ಹಾಕುವ ದಾರಿಯಿದೆ. ಇದರ ಅವಧಿ ಹೆಚ್ಚೆಂದರೆ ಆರು ತಿಂಗಳು. ಕನಿಷ್ಠ 10 ದಿನ ಮೊದಲೇ ಅರ್ಜಿ ತಲುಪಬೇಕು. ಯಾರು, ಯಾಕೆ, ಯಾವ ಸ್ಥಳದಲ್ಲಿ, ಯಾವ ದಿನಾಂಕಗಳಂದು, ಯಾವ ಕಂಪನಾಂಕದಲ್ಲಿ, ಎಷ್ಟು ಶಕ್ತಿಯಲ್ಲಿ ಎಂಬುದನ್ನೆಲ್ಲ ಬರೆಯಬೇಕು. ಬೇರೆಯವರಿಗೆ ತೊಂದರೆಯಾದರೆ ಯಂತ್ರವನ್ನು ನಿಲ್ಲಿಸಬೇಕು. ಅನುಮತಿ ಸಿಕ್ಕಿತೆಂದರೆ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು ಎಂದರ್ಥವಲ್ಲ.

ನಮ್ಮ ದೇಶದಲ್ಲಿ ಈ ಹೊಣೆ ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಪ್ಲಾನಿಂಗ್ ಆ್ಯಂಡ್ ಕೋಆರ್ಡಿನೇಷನ್ ವಿಭಾಗದ್ದು. 1952ರಲ್ಲಿ ಸ್ಥಾಪನೆಯಾದ ಈ ವಿಭಾಗ ಡಬ್ಲ್ಯುಪಿಸಿ ಎಂದೇ ಪರಿಚಿತ. ರೇಡಿಯೋ ಉಪಕರಣ ಇರಿಸಿಕೊಳ್ಳಲು ಪರವಾನಿಗೆ, ಇಲ್ಲವೇ ಸರಕಾರ ಘೋಷಿಸಿದ ವಿನಾಯಿತಿ ಬೇಕೆಂಬ ನಿಯಮ 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯಷ್ಟು ಹಳೆಯದು. ಪ್ರಯೋಗ ಮತ್ತು ಪ್ರಾತ್ಯಕ್ಷಿಕೆಗೆ ಪ್ರತ್ಯೇಕ ಪರವಾನಿಗೆ ಪಡೆಯುವ ವ್ಯವಸ್ಥೆಯೂ ಇದ್ದು, ‘ಸರಳ್ ಸಂಚಾರ್’ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ. ಹೊಸ ತಂತ್ರಜ್ಞಾನವನ್ನು ಸೀಮಿತ ಷರತ್ತುಗಳೊಳಗೆ ಪರೀಕ್ಷಿಸಲು 2023ರ ದೂರಸಂಪರ್ಕ ಕಾಯ್ದೆಯೂ ಅವಕಾಶ ಕಲ್ಪಿಸಿದೆ.

ಪ್ರಾತ್ಯಕ್ಷಿಕೆ ಎಂದರೆ ಬರೇ ಮಾರಾಟದ ಆಟ ಎಂದು ತಿಳಿಯುವಂತಿಲ್ಲ. ಊರಿಗೆ ಹೋಗಿ ಬರುವ ನಮ್ಮವರಿಗೆಲ್ಲ ಪರಿಚಿತವಾದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಉತ್ತರ ಕನ್ನಡದ ಶಿರೂರಿನಲ್ಲಿ, 2024ರ ಜುಲೈ 16ರಂದು ಗುಡ್ಡ ಕುಸಿದ ದುರಂತವನ್ನು ಯಾರೂ ಮರೆತಿರಲಾರರು. ಮಣ್ಣಿನಡಿ ಸಿಲುಕಿರಬಹುದಾದ ಲಾರಿಗಾಗಿ ಸುರತ್ಕಲ್‌ನ ಎನ್‌ಐಟಿಕೆ ತಜ್ಞರು ಜಿಪಿಆರ್ ತಂದು ಹುಡುಕಿದರು. ಕೊನೆಗೆ ಸೆಪ್ಟೆಂಬರ್ 25ರಂದು ಲಾರಿ ಪತ್ತೆಯಾದದ್ದು ಗಂಗಾವಳಿ ನದಿಯ ಒಡಲಿನಲ್ಲಿ. 2025ರ ಫೆಬ್ರವರಿಯಲ್ಲಿ ತೆಲಂಗಾಣದ ಎಸ್‌ಎಲ್‌ಬಿಸಿ ಸುರಂಗ ಕುಸಿದು ಎಂಟು ಮಂದಿ ಸಿಲುಕಿದಾಗಲೂ ಹೈದರಾಬಾದಿನ ಎನ್‌ಜಿಆರ್‌ಐ ತಜ್ಞರು ಇದೇ ಉಪಕರಣದೊಂದಿಗೆ ಧಾವಿಸಿದ್ದರು.

ನೀರು ತುಂಬಿದ ಜೇಡಿಮಣ್ಣು ರೇಡಿಯೋ ತರಂಗವನ್ನು ಬಹುಬೇಗ ನುಂಗಿಬಿಡುತ್ತದೆ. ಒಣ ಮರಳಿನಲ್ಲಿ ಹಲವು ಮೀಟರ್ ಆಳ ಕಾಣುವ ಯಂತ್ರ, ಕರಾವಳಿಯ ಜಡಿಮಳೆಯಲ್ಲಿ ನೆಂದ ಕೆಸರಿನಲ್ಲಿ ಹೆಚ್ಚು ಆಳ ಕಾಣಲಾರದು. ಈ ಮಿತಿಯನ್ನು ತಿಳಿಯಬೇಕಾದುದು ಕುಟುಂಬದವರು ಕಣ್ಣೀರಿಡುತ್ತಾ ನಿಂತಿರುವ ದಿನವಲ್ಲ. ಅದಕ್ಕೂ ಮೊದಲು, ನಮ್ಮದೇ ಮಣ್ಣಿನ ಮೇಲೆ, ಮಳೆಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ, ಅಗ್ನಿಶಾಮಕ ದಳ, ನಗರಪಾಲಿಕೆ, ರೈಲ್ವೇ ಅಧಿಕಾರಿಗಳ ಎದುರು ಓಡಿಸಿ ನೋಡಬೇಕು. ಅದಕ್ಕಾಗಿಯೇ ಪ್ರಾತ್ಯಕ್ಷಿಕೆ, ಅದಕ್ಕಾಗಿಯೇ ತಾತ್ಕಾಲಿಕ ಅನುಮತಿ.

ಕನ್ನಡ ಸಂಘಗಳ ಸದಸ್ಯರಲ್ಲಿ ಗುತ್ತಿಗೆದಾರರಿದ್ದಾರೆ, ಸಿವಿಲ್ ಇಂಜಿನಿಯರುಗಳಿದ್ದಾರೆ, ವಿದೇಶದಿಂದ ಉಪಕರಣ ತರಿಸುವ ಉದ್ಯಮಿಗಳಿದ್ದಾರೆ. ಇಂತಹ ಯಂತ್ರ ತರಿಸಲು ಹೊರಡುವವರು ವಸ್ತು ಬಂದರಿಗೆ ಬಂದ ಮೇಲೆ ಕಾಗದಪತ್ರಕ್ಕಾಗಿ ಓಡಾಡುವ ಬದಲು, ತಯಾರಕರಿಂದ ಕಂಪನಾಂಕ ಮತ್ತು ಶಕ್ತಿಯ ವಿವರವನ್ನು ಮೊದಲೇ ಪಡೆದು, ಸ್ಥಳ ಮತ್ತು ದಿನಾಂಕ ನಿಗದಿಪಡಿಸಿ, ಪ್ರಾತ್ಯಕ್ಷಿಕೆಗಾಗಿಯೇ ಅರ್ಜಿ ಸಲ್ಲಿಸುವುದು ಒಳಿತು. ಇಲಾಖೆಯೂ ರಕ್ಷಣಾ ಕಾರ್ಯಕ್ಕೆ ನೆರವಾಗುವ ಇಂತಹ ಅರ್ಜಿಗಳನ್ನು ಬೇಗ ಇತ್ಯರ್ಥಗೊಳಿಸಬೇಕು. ಆಕಾಶ ಎಲ್ಲರಿಗೂ ಸೇರಿದ್ದು, ನಿಜ. ನೆಲದಡಿ ಸಿಲುಕಿದವನ ಉಸಿರಿಗೆ ಮಾತ್ರ ಕಾಯುವಷ್ಟು ಸಮಯವಿರುವುದಿಲ್ಲ.